ಬದುಕಿದ್ದವಳಿಗೆ ಇಟ್ಟ ಎಡೆ

ಶಿರಾದಲ್ಲಿ ನಮ್ಮ ಬೀದಿಯವರಿಗೆ ನಾನು ಮಾಡುವ ಕೆಲಸಕ್ಕೆ ಒಂದು ಹೆಸರು ಬೇಕಿತ್ತು. ಎಮ್ಮೆ ಕಟ್ಟಿದರೆ ಹಾಲಿನವಳು, ಮೆಷಿನ್ ತುಳಿದರೆ ಟೈಲರಮ್ಮ. ಬೇರೆಯವರ ಮನೆಯ ನಲವತ್ತು ದಾಟಿದ ಹೆಂಗಸನ್ನು ತನ್ನ ಮನೆಯಲ್ಲಿ ಇಟ್ಟುಕೊಂಡು ನೋಡಿಕೊಳ್ಳುವವಳನ್ನು, ಅದಕ್ಕೆ ಸಂಬಳ ಬೇರೆ ತೆಗೆದುಕೊಳ್ಳುವವಳನ್ನು, ಏನೆಂದು ಕರೆಯಬೇಕು? ಕೊನೆಗೆ ಎದುರು ಮನೆಯಾಕೆ ದಾರಿ ಕಂಡುಕೊಂಡಳು. ನನ್ನ ಮನೆ ಕೇಳಿಕೊಂಡು ಬಂದವರಿಗೆಲ್ಲ "ಹುಚ್ಚೀನ ಮಡಿಕ್ಕಂಡವ್ಳಲ್ಲ, ಆವಮ್ಮ ತಾನೆ?" ಎಂದು ಕೈ ತೋರಿಸತೊಡಗಿದಳು. ಅವಳ ಮಗನಿಗೆ ಮೂವತ್ತೈದು ತುಂಬಿತ್ತು, ಸ್ನಾನದ ಮನೆಗೆ ಟವೆಲ್ ಇವಳೇ ಕೊಡಬೇಕಿತ್ತು, ತಟ್ಟೆ ಇವಳೇ ಎತ್ತಬೇಕಿತ್ತು. ಅದಕ್ಕೆ ಬೀದಿಯಲ್ಲಿ ಯಾರೂ ಹೆಸರಿಟ್ಟಿರಲಿಲ್ಲ.

ನನ್ನ ಮನೆಯಲ್ಲಿದ್ದವಳು ಹುಚ್ಚಿಯಲ್ಲ. ಹುಟ್ಟಿನಿಂದಲೇ ಬುದ್ಧಿ ನಿಧಾನ, ನಾಲಿಗೆ ದಪ್ಪ, ಕೋಪ ಮಾತ್ರ ಚುರುಕು. ಮಂಚದ ಮೇಲೆ ಕೂತು ಬೆರಳು ತೋರಿಸಿ ನನ್ನಿಂದ ಕೆಲಸ ತೆಗೆಯುವ ಠೀವಿ ನೋಡಿ ನಾನು ಅವಳಿಗೆ ದೊರೆಸಾನಿ ಎಂದು ಹೆಸರಿಟ್ಟೆ. ಅವಳು ಅದನ್ನು ತನ್ನ ಹಕ್ಕೆಂಬಂತೆ ಒಪ್ಪಿಕೊಂಡಳು. ನನ್ನನ್ನು ಮಾತ್ರ ಆಯಾ ಎಂದೇ ಕರೆದಳು. ನಾವಿಬ್ಬರೂ ಮೊದಲು ಕಂಡಿದ್ದು ನಾನು ಆಯಾ ಆಗಿದ್ದ ನರ್ಸಿಂಗ್ ಹೋಮಿನಲ್ಲಿ, ಅದಕ್ಕೆ.

ಅಲ್ಲಿ ಅವಳ ತಾಯಿ ಕೊನೆಯ ಕಾಯಿಲೆಯಲ್ಲಿ ಮಲಗಿದ್ದರು. ಮಗನಿಗೆ ಮಧುಗಿರಿಯಲ್ಲಿ ದೊಡ್ಡ ಕಿರಾಣಿ ಅಂಗಡಿ. ಕಾರಿನಲ್ಲಿ ಬಂದು, ಬಾಗಿಲಲ್ಲೇ ನಿಂತು ಡಾಕ್ಟರ ಹತ್ತಿರ ಮಾತಾಡಿ, ಮೂಗಿಗೆ ಕರ್ಚೀಫು ಹಿಡಿದು ವಾಪಸು ಹೋಗುತ್ತಿದ್ದ. ಮಂಚದ ಪಕ್ಕ ನೆಲದ ಮೇಲೆ ಕೂತು ತಾಯಿಯ ಕಾಲು ಒತ್ತುತ್ತಿದ್ದವಳು ದೊರೆಸಾನಿ ಒಬ್ಬಳೇ. ಒಂದು ದಿನ ಆ ತಾಯಿ ನನ್ನ ಕೈ ಹಿಡಿದುಕೊಂಡು, "ನಾನು ಕಣ್ಮುಚ್ಚುದ್ರೆ ಇವ್ಳುನ್ನ ಹಿಂದ್ಲು ಕ್ವಾಣೇಗೆ ಹಾಕ್ಬುಡ್ತಾರೆ ಕಣಮ್ಮ. ನಾನು ಇರುವಾಗ್ಲೇ ನಂಟ್ರು ಬಂದ್ರೆ ಅಂಗೇ ಮಾಡೋರು" ಅಂದರು. ಆಮೇಲೆ ಹೆಚ್ಚು ದಿನ ಇರಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ಸಾಹುಕಾರ, ಅಂದರೆ ಆ ಮಗ, ಹಣ್ಣಿನ ಬುಟ್ಟಿ ಹಿಡಿದು ನನ್ನ ಮನೆಗೆ ಬಂದ. ನನಗೆ ಗಂಡ ತೀರಿಕೊಂಡು ವರ್ಷಗಳಾಗಿದ್ದವು, ಮಗಳು ಮದುವೆಯಾಗಿ ಕೊರಟಗೆರೆ ಸೇರಿದ್ದಳು, ಮನೆ ಖಾಲಿ ಇತ್ತು. ಇದನ್ನೆಲ್ಲ ಅವನು ವಿಚಾರಿಸಿಕೊಂಡೇ ಬಂದಿದ್ದ. ತಂಗಿಯನ್ನು ನನ್ನ ಮನೆಯಲ್ಲಿ ಇಟ್ಟುಕೊಳ್ಳಬೇಕೆಂದು ಕೇಳಿದ. "ಅವಳು ನಿಮಗೆ ಹೊಂದ್ಕೊಂಡಿದಾಳೆ. ಇದನ್ನ ಒಂದು ಸೇವೆ ಅಂತ ತಿಳ್ಕೊಳ್ಳಿ. ಪುಣ್ಯ ಬರುತ್ತೆ" ಅಂದ.

"ಪುಣ್ಯ ಬರೋದಾದ್ರೆ ನಿಮ್ಮನೇಲೇ ಇಟ್ಕಳಿ ಸಾವ್ಕಾರ್ರೆ, ಅಷ್ಟು ಪುಣ್ಯ ನಂಗ್ಯಾಕೆ? ನಂಗೆ ಸಂಬಳ ಕೊಡಿ ಸಾಕು" ಅಂದೆ. ಅವನ ಮುಖ ಹುಳ್ಳಗಾಯಿತು. ಸೇವೆ ಅನ್ನುವ ಮಾತು ಎಲ್ಲರಿಗೂ ಇಷ್ಟ, ಮಾಡುವವಳ ಹೊಟ್ಟೆಗೆ ಏನೂ ಹಾಕಬೇಕಾಗಿಲ್ಲವಲ್ಲ. ಆದರೆ ಅವನಿಗೆ ಗತಿ ಇರಲಿಲ್ಲ. ಒಪ್ಪಿಕೊಂಡ. ನಾನು ನರ್ಸಿಂಗ್ ಹೋಮ್ ಬಿಟ್ಟೆ.

ಜನ ತಿಳಿದಿರುವ ಹಾಗೆ ಇದು ಉಣ್ಣಿಸಿ ಮಲಗಿಸುವ ಕೆಲಸವಲ್ಲ. ಮೊದಲು ನಾನೂ ಹಾಗೆಯೇ ಅಂದುಕೊಂಡು ತುತ್ತು ಕಲಸಿ ಬಾಯಿಗೆ ಇಟ್ಟೆ. ತಟ್ಟೆ ಗೋಡೆಗೆ ಬಡಿಯಿತು. ಆಮೇಲೆ ತಿಳಿಯಿತು, ಅವಳಿಗೆ ತಿನ್ನಲು ಬರುತ್ತಿತ್ತು, ಅವಳ ಮನೆಯವರಿಗೆ ಅಷ್ಟು ಹೊತ್ತು ಕಾಯಲು ಬರುತ್ತಿರಲಿಲ್ಲ. ಈ ಕೆಲಸದಲ್ಲಿ ಕಷ್ಟದ್ದೆಂದರೆ ಕೈ ಕಟ್ಟಿಕೊಂಡು ನಿಲ್ಲುವುದು. ರವಿಕೆಯ ಹುಕ್ಕು ಹಾಕಿಕೊಳ್ಳುವುದಕ್ಕೆ ಅವಳು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾಳೋ ಅಷ್ಟು ಹೊತ್ತೂ ನನ್ನ ಬೆರಳು ತುರಿಸುತ್ತಿದ್ದವು. ಒಂದು ಹುಕ್ಕು ಮೇಲೆ ಕೆಳಗಾದರೆ ಬೈದು, ಬಿಚ್ಚಿ, ಮತ್ತೆ ಮೊದಲಿಂದ. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಉಕ್ಕಲಿ ಎಂದು ಬಿಡುವುದನ್ನು ನಾನು ಕಲಿತೆ.

ಅವಳು ಅಂಗಡಿಗೆ ಹೋಗಿ ಮೊಸರು ತರುವುದನ್ನು ಕಲಿತಳು. ಕಡಲೆಕಾಯಿ ಸುಲಿಯುವುದನ್ನು ಕಲಿತಳು, ಅರ್ಧ ಮೊರಕ್ಕೆ, ಅರ್ಧ ಬಾಯಿಗೆ. ಚೌಕಾಬಾರ ಆಡುವಾಗ ನಾನು ಆ ಕಡೆ ತಿರುಗಿದರೆ ಕಾಯಿ ಮುಂದಕ್ಕೆ ಸರಿಸುತ್ತಿದ್ದಳು. ಸಿಕ್ಕಿಬಿದ್ದರೆ, "ನಾನ್ ನಿಧಾನ, ನಂಗ್ ಗೊತ್ತಾಗಲ್ಲ" ಎಂದು ಕಣ್ಣು ಪಿಳಿಪಿಳಿ ಮಾಡುವಷ್ಟು ಬುದ್ಧಿ ಅವಳಿಗಿತ್ತು. ನಾವಿಬ್ಬರೂ ಚೆನ್ನಾಗಿ ಜಗಳವಾಡುತ್ತಿದ್ದೆವು.

ನಮ್ಮ ನಾದಿನಿ ಒಬ್ಬಳಿದ್ದಾಳೆ, ಬರಗೂರಿನವಳು. ಗೊರವನಹಳ್ಳಿ ಲಕ್ಷ್ಮಿಗೆ ಹೋಗುವಾಗಲೆಲ್ಲ ಶಿರಾದಲ್ಲಿ ಇಳಿದು ನನ್ನ ಮನೆಯಲ್ಲಿ ಕಾಫಿ ಕುಡಿದು ಹೋಗುವುದು ರೂಢಿ. ದೊರೆಸಾನಿ ಬಂದ ಮೇಲೆ ಹೊಸಿಲ ಹೊರಗೇ ನಿಂತಳು. ಲೋಟವನ್ನು ಸೆರಗಿನಿಂದ ಒರೆಸಿ, ದನಿ ತಗ್ಗಿಸಿ, "ಅತ್ಗೆ, ಇದು ಅಂಟ್ಕಂತದಾ?" ಅಂದಳು.

"ಅಂಟ್ಕಂಡಿದ್ರೆ ಚೆಂದಾಗಿತ್ತು. ನಿನ್ನ ಬಾಯಾದ್ರೂ ಸ್ವಲ್ಪ ನಿಧಾನ ಆಗೋದು" ಅಂದೆ. ಅಲ್ಲಿಂದಾಚೆ ಅವಳ ಬಸ್ಸು ಶಿರಾದಲ್ಲಿ ನಿಲ್ಲಲಿಲ್ಲ.

ಇನ್ನೊಂದು ಸಲ ಮಹಿಳಾ ಸಮಾಜವೊಂದರ ಹೆಂಗಸರು ಬಂದರು, ಒಳ್ಳೆಯ ಸೀರೆ, ಒಳ್ಳೆಯ ಸೆಂಟು. ನನಗೆ ಸನ್ಮಾನ ಮಾಡುತ್ತಾರಂತೆ, ಶಾಲು ಹೊದಿಸುತ್ತಾರಂತೆ. ದೊರೆಸಾನಿಯನ್ನೂ ವೇದಿಕೆಗೆ ಕರೆದುಕೊಂಡು ಬಂದರೆ ನೋಡಿದವರಿಗೆ ಮನಸ್ಸು ಕರಗುತ್ತದಂತೆ. "ನಿಮಗೆ ಮನಸು ಕರಗಬೇಕು ಅಂದ್ರೆ ವಾರಕ್ಕೊಂದಿನ ಬಂದು ಇವಳ ಜತೆ ಕೂತ್ಕಳಿ, ನಾನು ಸಂತೆಗೆ ಹೋಗ್ಬರ್ತೀನಿ" ಅಂದೆ. ಅವರಲ್ಲಿ ಒಬ್ಬರಿಗೂ ಪುರುಸೊತ್ತಿರಲಿಲ್ಲ. ಆ ಶಾಲು ಯಾರ ಹೆಗಲಿಗೆ ಹೋಯಿತೋ ನನಗೆ ಗೊತ್ತಿಲ್ಲ.

ಇಷ್ಟೆಲ್ಲ ನಾನು ನಕ್ಕುಕೊಂಡು ತಡೆದುಕೊಂಡೆ. ತಡೆಯಲಾಗದಿದ್ದುದು ಹಬ್ಬಗಳನ್ನು. ಯಾವ ಹಬ್ಬ ಬಂದರೂ ದೊರೆಸಾನಿ ಬೆಳಿಗ್ಗೆಯೇ ತಲೆ ಬಾಚಿಕೊಂಡು, ಮುಖಕ್ಕೆ ಗೋಡೆಗೆ ಸುಣ್ಣ ಬಳಿದ ಹಾಗೆ ಪೌಡರ್ ಬಳಿದುಕೊಂಡು, ಬ್ಯಾಗು ತೊಡೆಯ ಮೇಲೆ ಇಟ್ಟುಕೊಂಡು ಜಗಲಿಯ ಮೇಲೆ ಕೂರುತ್ತಿದ್ದಳು. "ಅಣ್ಣ ಬತ್ತಾನೆ. ನಮ್ಮನೆ ಹಬ್ಬ" ಅನ್ನುತ್ತಿದ್ದಳು. ಬರುತ್ತಿದ್ದುದು ಫೋನು. ಅಂಗಡಿಯಲ್ಲಿ ಬಿಡುವಿಲ್ಲ, ಮುಂದಿನ ಹಬ್ಬಕ್ಕೆ ಖಂಡಿತ ಅಂತ. ಅವಳು ಮಧ್ಯಾಹ್ನದವರೆಗೆ ಕಾದು ಎದ್ದು ಬಂದು ಬ್ಯಾಗಿನಲ್ಲಿದ್ದ ಬಟ್ಟೆಯನ್ನೆಲ್ಲ ನನ್ನ ಮೇಲೆ ಎಸೆಯುತ್ತಿದ್ದಳು. ಅವಳಿಗೆ ತನ್ನ ಮನೆ ಬೇಕಿತ್ತು. ಬೇರೇನೂ ಬೇಕಿರಲಿಲ್ಲ.

ಸಾಹುಕಾರನ ಮಗನಿಗೆ ಪಾವಗಡದ ಕಡೆಯಿಂದ ಹೆಣ್ಣು ತಂದರು. ಮದುವೆಗೆ ದೊರೆಸಾನಿಯನ್ನು ಕರೆಯಲಿಲ್ಲ. ಮುಗಿದ ಮೇಲೆ ಲಾಡು ಬಂತು. ಏಕೆ ಕರೆಯಲಿಲ್ಲ ಎಂದು ನನಗೆ ಗೊತ್ತಾಗಿದ್ದು ಮರುವರ್ಷದ ಹಿರಿಯರ ಹಬ್ಬ ಕಳೆದ ಮೇಲೆ.

ಹಿರಿಯರ ಹಬ್ಬ ಮಹಾಲಯ ಅಮಾವಾಸ್ಯೆಗೆ. ಸತ್ತವರ ಫೋಟೋಗಳನ್ನು ಸಾಲಾಗಿ ಇಟ್ಟು, ಒಬ್ಬೊಬ್ಬರಿಗೂ ಎಲೆ ಹಾಕಿ ಎಡೆ ಬಡಿಸಿ, ಹೊಸ ಬಟ್ಟೆ ಇಟ್ಟು, ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಳ್ಳುತ್ತೇವೆ. ಹಿರಿಯರು ಬಂದು ಉಂಡು ಹೋಗುವ ತನಕ ಯಾರೂ ಒಳಗೆ ಕಾಲಿಡಬಾರದು. ಆಮೇಲೆ ಯಜಮಾನ ಕೆಮ್ಮಿ, ಬಾಗಿಲು ತಟ್ಟಿ, ಉಣ್ಣುತ್ತಿರುವವರಿಗೆ ಸೂಚನೆ ಕೊಟ್ಟು ತೆರೆಯಬೇಕು. ಎಡೆಯ ಅಡುಗೆಯನ್ನು ಮೊದಲು ಯಾರೂ ರುಚಿ ನೋಡುವಂತಿಲ್ಲ, ಉಪ್ಪು ಹೆಚ್ಚಾದರೂ ಕಮ್ಮಿಯಾದರೂ ಹಿರಿಯರ ಪಾಲಿಗೆ.

ಆ ಅಮಾವಾಸ್ಯೆ ಕಳೆದ ಮಾರನೆಯ ದಿನ ಸಾಹುಕಾರನ ಹೆಂಡತಿ ಕಾರಿನಲ್ಲಿ ಒಬ್ಬಳೇ ಬಂದಳು. ಡಬ್ಬಿಯಲ್ಲಿ ವಡೆ, ಹೋಳಿಗೆ. ಕವರಿನಲ್ಲಿ ಹಸಿರು ಸೀರೆ, ಅದರ ಮಡಿಕೆಯಲ್ಲಿ ವಿಭೂತಿಯ ಪುಡಿ. ಸೀರೆ ಕಂಡ ದೊರೆಸಾನಿ ಕಿತ್ತುಕೊಂಡು ಒಳಗೆ ಓಡಿದಳು. ಈಕೆ ಕೂರಲೂ ಇಲ್ಲ, ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದಳು.

"ಈ ವಡೇನ ಅವಳು ತಿನ್ನೋ ಹಂಗೆ ಮಾಡಿ ಅಕ್ಕ. ತಿಂದ್ರೇನೇ ದೋಷ ಹೋಗೋದು ಅಂತ ಅಯ್ನೋರು ಹೇಳವ್ರೆ" ಅಂದಳು.

"ಯಾವ ದೋಷ?"

"ನಾವೇನು ಬೇಕು ಅಂತ ಹೇಳಿದ್ವಾ? ಇಂಥೋಳೊಬ್ಳು ಮನೇಲವ್ಳೆ ಅಂದ್ರೆ ಯಾರು ಹೆಣ್ಣು ಕೊಡ್ತಾರೆ? ಹೊಂಟೋದ್ಲು ಅಂತ ಹೇಳ್ಬುಟ್ವಿ."

"ಎಲ್ಲಿಗೆ ಹೊಂಟೋದ್ಲು?"

ಆಕೆ ಕಣ್ಣಲ್ಲೇ ಮೇಲಕ್ಕೆ ತೋರಿಸಿದಳು.

ಉಳಿದದ್ದನ್ನು ತಾನಾಗಿಯೇ ಒದರಿದಳು. ಸೊಸೆ ಒಳ್ಳೆಯವಳು, ಒಳ್ಳೆಯವಳಾಗಿದ್ದೇ ತಪ್ಪಾಯಿತು. ಮಾವನ ಸತ್ತ ತಂಗಿಗೆ ಎಡೆ ಏಕೆ ಇಡುವುದಿಲ್ಲ ಎಂದು ಕೇಳಿದಳಂತೆ. ಮದುವೆಯಾಗದೆ ಹೋದ ಹೆಣ್ಣುಮಗಳಿಗೆ ಸೀರೆ ಇಡದಿದ್ದರೆ ಆ ಮನೆಯಲ್ಲಿ ತೊಟ್ಟಿಲು ಕಟ್ಟಲು ಬಿಡುವುದಿಲ್ಲ ಎಂದು ಅವಳ ತಾಯಿ ಪಾವಗಡದಿಂದ ಹೇಳಿಕಳಿಸಿದರಂತೆ. ಸೀರೆಯನ್ನೂ ಸೊಸೆಯೇ ಆರಿಸಿ ತಂದಳಂತೆ. ಬೇಡ ಅನ್ನುವುದು ಹೇಗೆ? ಹಳೆಯ ಆಲ್ಬಮ್ಮಿನಿಂದ ಫೋಟೋ ತೆಗೆದು, ಕಟ್ಟು ಹಾಕಿಸಿ, ಹೂವಿನ ಹಾರ ಹಾಕಿ, ಬದುಕಿರುವವಳಿಗೆ ಎಡೆ ಇಟ್ಟರು. ಬದುಕಿರುವವರಿಗೆ ಎಡೆ ಇಟ್ಟರೆ ಆಯುಸ್ಸು ಹೋಗುತ್ತದೆ, ಇಟ್ಟವರ ಮನೆಗೂ ಕೇಡು ಎಂದು ಆಮೇಲೆ ಭಯ ಹತ್ತಿತು. ತಂಗಿ ಸತ್ತಳೆಂದು ಹೇಳುವಾಗ ಹೆದರದ ಜನ, ವಡೆಗೆ ಹೆದರಿದ್ದರು. ನನಗೆ ಅವರ ಸುಳ್ಳಿಗಿಂತ ಈ ಭಕ್ತಿಯೇ ಹೆಚ್ಚು ಹೇಸಿಗೆಯಾಯಿತು.

ಅಷ್ಟರಲ್ಲಿ ದೊರೆಸಾನಿ ಸೀರೆಯನ್ನು ಮೈಗೆ ಸುತ್ತಿಕೊಂಡು ಬೀದಿಗೆ ಇಳಿದಿದ್ದಳು. "ಅಣ್ಣ ಕೊಟ್ಟ! ಅಣ್ಣ ಕೊಟ್ಟ!" ಎಂದು ಮನೆಮನೆಗೂ ತೋರಿಸಿಕೊಂಡು ಬಂದಳು. ನನಗೆ ನಿಜ ಹೇಳಲು ಬಾಯಿ ಬರಲಿಲ್ಲ, ಹೇಳಿದ್ದರೂ ಅವಳು ನಂಬುತ್ತಿರಲಿಲ್ಲ.

ಈ ವರ್ಷ ಅಮಾವಾಸ್ಯೆಗೆ ಮುಂಚೆ ಸಾಹುಕಾರನ ಫೋನು ಬಂತು. "ಈ ಸಲ ಬೀಗರೂ ಹಬ್ಬಕ್ಕೆ ಬರ್ತಿದಾರೆ ಅಮ್ಮ. ಶಿರಾ ಅಂದ್ರೆ ತೀರಾ ಹತ್ರ ಆಯ್ತು, ಯಾರಾದ್ರೂ ನೋಡಿದ್ರೆ ಕಷ್ಟ. ಬೆಂಗಳೂರು ದಾಟಿದ ಮೇಲೆ ಒಂದು ಆಶ್ರಮ ಇದೆಯಂತೆ, ಚೆನ್ನಾಗಿ ನೋಡ್ಕೋತಾರಂತೆ. ಹಬ್ಬ ಕಳೀಲಿ, ಕಾರು ಕಳಿಸ್ತೀನಿ" ಅಂದ. ಇದುವರೆಗೆ ಬಾಯಿಮಾತಿನಲ್ಲಿ ಮಾತ್ರ ಸತ್ತಿದ್ದವಳನ್ನು ಇನ್ನು ಯಾರೂ ಕಾಣದ ಕಡೆ ಸಾಗಿಸುವುದೊಂದು ಬಾಕಿ ಇತ್ತು. ಅಲ್ಲಿ ಅವಳು ಜಗಲಿಯಲ್ಲಿ ಬ್ಯಾಗು ಹಿಡಿದು ಕೂತರೆ ಫೋನು ಕೂಡ ಬರುವುದಿಲ್ಲ.

ನಾನು ಜಗಳವಾಡಲಿಲ್ಲ. ಜಗಳವಾಡಿದ್ದರೆ ಕಾರು ಮಾರನೆಯ ದಿನವೇ ಬರುತ್ತಿತ್ತು. ಅವನು ದೇವರಿಗೆ ಹೆದರುವವನಲ್ಲ, ನನಗಂತೂ ಇಲ್ಲವೇ ಇಲ್ಲ. ವಡೆಯ ದೋಷಕ್ಕಿಂತ ದೊಡ್ಡ ಹೆದರಿಕೆ ಅವನಿಗೆ ಬೀಗರದ್ದು. ಬೀಗರ ಎದುರಿಗೆ ತಂಗಿ ಬದುಕಿದ್ದಾಳೆಂದು ಗೊತ್ತಾಗಿಹೋದರೆ ಬಚ್ಚಿಡಲು ಏನೂ ಉಳಿಯುವುದಿಲ್ಲ. ಅಮಾವಾಸ್ಯೆಯ ದಿನ ಬೆಳಿಗ್ಗೆ ದೊರೆಸಾನಿ ಆ ಹಸಿರು ಸೀರೆ ಉಟ್ಟು ಜಗಲಿಯಲ್ಲಿ ಕೂತಾಗ ನಾನು ಮನೆಗೆ ಬೀಗ ಹಾಕಿ, "ಏಳು, ನಿಮ್ಮಣ್ಣನ ಮನೆಗೋಗಾನ" ಅಂದೆ. ಅವಳು ನನ್ನನ್ನು ನೋಡಿದ ರೀತಿ ಹೇಳಲಾರೆ. ಮಧುಗಿರಿ ಬಸ್ಸಿನಲ್ಲಿ ಕಂಡವರಿಗೆಲ್ಲ "ನಮ್ಮನೆ ಹಬ್ಬ" ಎಂದು ಸಾರಿಕೊಂಡು ಬಂದಳು.

ನಾವು ಹೋದಾಗ ಬೆಟ್ಟದ ಕಡೆಯ ಆ ಬೀದಿಯಲ್ಲಿ ಅವರ ಮನೆಯ ಬಾಗಿಲು ಎಳೆದಿತ್ತು. ಸಾಹುಕಾರ, ಅವನ ಹೆಂಡತಿ, ಮಗ, ಸೊಸೆ, ಸೊಸೆಯ ತಂದೆತಾಯಿ ಎಲ್ಲ ಮಡಿಯುಟ್ಟು ಜಗಲಿಯಲ್ಲಿ ಕಾಯುತ್ತಿದ್ದರು. ನಮ್ಮನ್ನು ಕಂಡು ಸಾಹುಕಾರ ಎದ್ದವನು ಅರ್ಧಕ್ಕೇ ನಿಂತ. ಒಬ್ಬರೂ ಬಾಯಿ ಬಿಡುವ ಮೊದಲೇ ದೊರೆಸಾನಿ ಚಪ್ಪಲಿ ಬಿಟ್ಟಳು, ಬಾಗಿಲು ತಳ್ಳಿದಳು, ಒಳಗೆ ಹೋದಳು, ಬಾಗಿಲನ್ನು ಮತ್ತೆ ಎಳೆದುಕೊಂಡಳು. ತನ್ನ ಮನೆಗೆ ಹೋಗುವವಳು ಯಾರನ್ನು ಕೇಳಬೇಕು?

ಸಾಹುಕಾರ ಬಾಗಿಲಿಗೆ ಕೈ ಹಾಕಿದ. "ಅಯ್ಯಯ್ಯೋ, ಮುಟ್ಟಬ್ಯಾಡಿ ಬೀಗರೆ! ಪೆದ್ದಲು ತಿಂಟುನ್ನಾರು! ಹಿರೇರು ಉಣ್ತಾ ಇರುವಾಗ ಬಾಗ್ಲು ತೆಗೀಬಾರ್ದು!" ಎಂದು ಬೀಗಿತ್ತಿ ತಮ್ಮ ಪಾವಗಡದ ತೆಲುಗು ಬೆರೆಸಿ ಕೂಗಿದರು. ಅವನು ಕೈ ಹಿಂದಕ್ಕೆ ತೆಗೆದ. "ಒಳಕ್ಕೋದ್ರಲ್ಲ, ಯಾರವರು?" ಎಂದು ಬೀಗರು ಕೇಳಿದರು.

"ಕೆಲಸದೋಳು" ಅಂದಳು ಸಾಹುಕಾರನ ಹೆಂಡತಿ.

"ಅತ್ತೆಮ್ಮ, ಆ ಸೀರೆ ನಾನು ಎಡೆಗೆ ತಂದಿದ್ದಲ್ವಾ?" ಎಂದು ಸೊಸೆ ಮೆಲ್ಲಗೆ ಕೇಳಿದಳು.

"ದಾನ ಕೊಟ್ವಿ ಕಣಮ್ಮ."

ಒಳಗಿನಿಂದ ದೊಡ್ಡ ದನಿ ಬಂತು. "ಸಾರಿಗೆ ಉಪ್ಪಿಲ್ಲ!"

ಬೀಗಿತ್ತಿ ತಾಳಿ ಹಿಡಿದುಕೊಂಡರು. ಮತ್ತೆ ದನಿ ಬಂತು. "ಆಯಾ! ಬಾ ಇಲ್ಲಿ! ನನ್ ಫೋಟೋ ಐತೆ! ನಂಗೆ ಹಾರ ಹಾಕವ್ರೆ!"

ಬೀಗರು ನಿಧಾನವಾಗಿ ಸಾಹುಕಾರನ ಕಡೆ ತಿರುಗಿದರು. ಅವನಿಗೆ ಏನು ಮಾಡಬೇಕೆಂದು ತಿಳಿಯದೆ, ರೂಢಿಯ ಪ್ರಕಾರ ಕೆಮ್ಮಿದ. ನನಗೆ ನಗು ತಡೆಯಲಾಗಲಿಲ್ಲ, ಅಷ್ಟು ಜನರ ಎದುರಿಗೇ ನಕ್ಕುಬಿಟ್ಟೆ.

ಬಾಗಿಲು ತೆರೆದವಳು ಸೊಸೆ. ಒಳಗೆ ತಾಯಿಯ ಫೋಟೋ, ತಂದೆಯ ಫೋಟೋ, ಪಕ್ಕದಲ್ಲಿ ಜಡೆಗೆ ರಿಬ್ಬನ್ ಕಟ್ಟಿಕೊಂಡ ದೊರೆಸಾನಿಯ ಫೋಟೋ. ಅದರ ಮುಂದಿನ ಎಲೆಗೆ ಅವಳು ಚಕ್ಕಳಮಕ್ಕಳ ಹಾಕಿ ಕೂತು ವಡೆ ಮುರಿಯುತ್ತಿದ್ದಳು. ಸೊಸೆ ಫೋಟೋ ನೋಡಿದಳು, ಅವಳನ್ನು ನೋಡಿದಳು, ಗಂಡನನ್ನು ನೋಡಿದಳು. ಅವನು ತಲೆ ತಗ್ಗಿಸಿದ. ಅವಳು ಅಡುಗೆಮನೆಗೆ ಹೋಗಿ ಉಪ್ಪಿನ ಡಬ್ಬಿ ತಂದು ಎಲೆಯ ಪಕ್ಕ ಕೂತು, "ಎಷ್ಟು ಹಾಕ್ಲಿ ಅತ್ತೆ?" ಎಂದು ಕೇಳಿದಳು.

ಸಾಹುಕಾರ ನನ್ನ ಮೇಲೆ ಹರಿಹಾಯ್ದ. "ನಿಮಗೆ ಸಂಬಳ ಕೊಟ್ಟಿದ್ದು ನಮ್ಮ ಮಾನ ಕಳೆಯೋಕಾ?"

"ಅವಳನ್ನ ನೋಡ್ಕಳಿ ಅಂತ ತಾನೆ ಕೊಟ್ಟಿದ್ದು? ನೋಡ್ಕಂಡಿದ್ದೀನಿ. ಬದುಕವ್ಳೆ. ಬೇಕಾದ್ರೆ ಮುಟ್ಟಿ ನೋಡಿ" ಅಂದೆ.

ಬೀಗರು ಹೆಗಲ ಟವೆಲ್ ಕೊಡವಿದರು. "ಇಂಥಾ ಮಗು ನಮ್ಮಣ್ಣನ ಮನೇಲೂ ಐತೆ. ಕೇಳಿದ್ರೆ ಹೇಳ್ತಿದ್ವಿ. ನೀವು ಕೇಳ್ಲಿಲ್ಲ, ನಾವು ಹೇಳ್ಲಿಲ್ಲ" ಎಂದಷ್ಟೇ ಅಂದರು. ಇಷ್ಟು ವರ್ಷದ ಸುಳ್ಳು ಅಷ್ಟಕ್ಕೇ ಮುಗಿಯಿತು. ಸಾಹುಕಾರನಿಗೆ ತನ್ನ ಜಗಲಿಯ ಮೇಲೆಯೇ ಕೂರಲು ಮುಖವಿರಲಿಲ್ಲ.

ಗೆದ್ದ ಖುಷಿಯಲ್ಲಿ ನಾನು ಹೋಳಿಗೆ ಉಂಡೆ. ಸಂಜೆಗೆ ಮುಂಚೆ, "ನಡಿ ದೊರೆಸಾನಿ, ಬಸ್ಸು ಹೊಂಟೋಯ್ತದೆ" ಅಂದೆ. ಅವಳು ಹಿಂದಿನ ಕೋಣೆಯಲ್ಲಿ ತಾಯಿಯ ಮಂಚದ ಮೇಲೆ ಕೂತಿದ್ದಳು. ಬ್ಯಾಗಿನಿಂದ ಬಟ್ಟೆ ತೆಗೆದು ಒಂದೊಂದಾಗಿ ಮಡಿಸಿ ಇಡುತ್ತಿದ್ದಳು, ನಾನು ಕಲಿಸಿದ ಹಾಗೆಯೇ.

"ನೀನೋಗು ಆಯಾ" ಅಂದಳು.

ಅವಳಿಗೆ ತಿಳಿಯಲಿಲ್ಲವೇನೋ ಎಂದು ಮತ್ತೊಮ್ಮೆ ಹೇಳಿದೆ. ಅವಳು ಬೆರಳು ಎತ್ತಿ ಬಾಗಿಲು ತೋರಿಸಿದಳು. "ನೀನೋಗು. ಇದು ನಮ್ಮನೆ."

"ಇರ್ಲಿ ಬಿಡಮ್ಮ, ನಾನು ನೋಡ್ಕೋತೀನಿ" ಅಂದಳು ಸೊಸೆ. ಸಾಹುಕಾರ ಬಾಯಿ ತೆರೆದ, ಬೀಗರನ್ನು ನೋಡಿದ, ಮುಚ್ಚಿದ. ನಾನು ಒಬ್ಬಳೇ ಬಸ್ಸು ಹತ್ತಿದೆ. ಶಿರಾ ಬರುವವರೆಗೂ ನನಗೆ ಅವಳ ಮೇಲೆ ಕೋಪ, ಅವಳಿಗಿಂತ ಹೆಚ್ಚಾಗಿ ನನ್ನ ಮೇಲೆ. ಊರಿನವರೆಲ್ಲರನ್ನೂ ಆಡಿಕೊಂಡ ಜಾಣೆ ನಾನು, ಅವಳಿಗೆ ಅವಳ ಮನೆ ಸಿಕ್ಕರೆ ನನ್ನ ಮನೆಯಲ್ಲಿ ಯಾರಿರುತ್ತಾರೆ ಎಂದು ಒಂದು ಸಲವೂ ಯೋಚಿಸಿರಲಿಲ್ಲ.

ಸೊಸೆ ಫೋನು ಮಾಡುತ್ತಿರುತ್ತಾಳೆ. ಮೊನ್ನೆಯೂ ಮಾಡಿದ್ದಳು. ಅತ್ತೆ ಸ್ನಾನಕ್ಕೆ ಹಟ ಮಾಡುತ್ತಾರೆ, ಹೆಂಗೆ ಮಾಡಿಸಬೇಕು ಅಂದಳು.

"ನೀನು ಮಾಡಿಸ್ಬ್ಯಾಡ. ಬಿಸಿನೀರು ತೋಡಿಟ್ಟು ಆಚೆ ಬಾ. ಎಷ್ಟೊತ್ತಾದ್ರೂ ಬಾಗ್ಲು ಬಡೀಬ್ಯಾಡ. ಅವಳೇ ಮಾಡ್ಕಂತಾಳೆ" ಅಂದೆ. ಫೋನು ಇಡುವ ಮೊದಲು ತಡೆಯಲಾರದೆ, "ನನ್ನ ಏನಾದ್ರೂ ಕೇಳ್ತಾಳಾ?" ಅಂದೆ.

ಆ ಹುಡುಗಿಗೆ ಸುಳ್ಳು ಬರುವುದಿಲ್ಲ. "ಇಲ್ಲಮ್ಮ" ಅಂದಳು.

"ಒಳ್ಳೇದಾಯ್ತು ಬುಡು" ಎಂದು ಫೋನು ಇಟ್ಟೆ. ಒಳ್ಳೆಯದೇ ಆಗಿತ್ತು. ಸಂಜೆಯವರೆಗೂ ಅತ್ತುಕೊಂಡು ಕೂತಿದ್ದೆ.